ಸಹಿ ಹಾಕದ ಅತ್ತಿಗೆ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ತಮ್ಮ ಸಮಸ್ಯೆಯನ್ನು ತೋಡಿಕೊಂಡವರು ಬಹುಕಾಲ ಫಾರ್ಮಸಿಸ್ಟ್ ಆಗಿ ದುಡಿದ ಗೃಹಿಣಿ. ಅವರ ನಾದಿನಿಗೆ ಕ್ಯಾನ್ಸರ್ ವಾಸಿಯಾಗಿದ್ದರೂ ಕೀಮೋಥೆರಪಿಯಿಂದ ಪಾದ ಮತ್ತು ಬೆರಳುಗಳ ನರಗಳಿಗೆ ಆದ ಹಾನಿ ಉಳಿದುಕೊಂಡಿದೆ. ಉರಿ, ಚುಚ್ಚುನೋವುಗಳಿಂದ ರಾತ್ರಿ ನಿದ್ರೆಯಿಲ್ಲ. ವೈದ್ಯಕೀಯ ಬಳಕೆಗಾಗಿ ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕೆಂದು ಕೋರುವ ಮನವಿಪತ್ರಕ್ಕೆ ಮನೆಯವರೆಲ್ಲರೂ ಸಹಿ ಹಾಕಿದಾಗ ಇವರೊಬ್ಬರು ನಿರಾಕರಿಸಿದರು. ಅಂದಿನಿಂದ ನಾದಿನಿ ಮಾತು ಬಿಟ್ಟಿದ್ದಾರೆ, ಪತಿಯೂ ಮುನಿಸಿಕೊಂಡಿದ್ದಾರೆ. "ನನ್ನದು ಕಲ್ಲುಮನಸ್ಸೇ?" ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವನ್ನು ಹೆಸರುಗಳಿಲ್ಲದೆ ಇಲ್ಲಿ ಕೊಡುತ್ತಿದ್ದೇವೆ. – ಸಂ.

*

ನೋವು ನಿಮ್ಮ ನಾದಿನಿಯದು, ತತ್ತ್ವ ನಿಮ್ಮದು. ಎರಡನ್ನೂ ತಕ್ಕಡಿಗೆ ಹಾಕುವ ಮೊದಲು ಒಂದು ರಾತ್ರಿ ಆಕೆಯ ಪಕ್ಕದಲ್ಲಿ ಮಲಗಿ ನೋಡಿ.

*

ಇದೇ ಧಾಟಿಯ ಇನ್ನೂ ಕೆಲವು ಪತ್ರಗಳು ಬಂದಿವೆ. ಅವುಗಳಲ್ಲಿ ಚಿಕ್ಕದನ್ನು ಆರಿಸಿಕೊಂಡಿದ್ದೇವೆ. ಮುಂದಿನ ಪತ್ರ ದೀರ್ಘವಾಗಿದೆ, ಕತ್ತರಿಸಲು ಮನಸ್ಸಾಗಲಿಲ್ಲ. – ಸಂ.

*

ಸೋದರಿ, ನಿಮ್ಮ ನಾದಿನಿಯ ನೋವಿನ ಬಗ್ಗೆ ನನಗೆ ಏನೂ ತಿಳಿಯದು. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುವ ಅರ್ಹತೆಯೂ ನನಗಿಲ್ಲ. ನನಗೆ ಗೊತ್ತಿರುವುದು ನನ್ನ ತಮ್ಮನ ವಿಷಯ. ಅದನ್ನು ಮನೆಯವರ ಹೊರತು ಯಾರಿಗೂ ಇಷ್ಟು ವಿವರವಾಗಿ ಹೇಳಿಲ್ಲ.

ಉನ್ನತ ವ್ಯಾಸಂಗಕ್ಕೆಂದು ಅವನು ಹೋದ ಊರಿನಲ್ಲಿ ವೈದ್ಯಕೀಯ ಗಾಂಜಾಕ್ಕೆ ಅನುಮತಿ ಇತ್ತು. ಬೆನ್ನುನೋವಿನ ಕಾರಣ ಕೊಟ್ಟು ಒಂದು ಕಾರ್ಡ್ ಮಾಡಿಸಿಕೊಂಡ. ಬೆನ್ನುನೋವು ಸುಳ್ಳಾಗಿರಲಿಲ್ಲ, ದೊಡ್ಡದೂ ಆಗಿರಲಿಲ್ಲ. ವಿಡಿಯೊ ಕರೆಯಲ್ಲಿ ಸಿಕ್ಕ ವೈದ್ಯರು ನೋವು ಎಷ್ಟು ಕಾಲದಿಂದ ಇದೆ, ನಿದ್ರೆ ಹೇಗಿದೆ ಎಂದು ಕೇಳಿದರಂತೆ. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ ಎಂದು ಕೇಳಲಿಲ್ಲ. ಕೇಳಿದ್ದರೆ ಅವನು ನಮ್ಮ ಸೋದರಮಾವನ ವಿಷಯ ಹೇಳುತ್ತಿದ್ದ. ಅವರ ಸ್ಕಿಜೋಫ್ರೀನಿಯಾ ನಮ್ಮಲ್ಲಿ ಮುಚ್ಚಿಟ್ಟ ಸಂಗತಿಯೇನಲ್ಲ. ಆ ಕಾರ್ಡಿನಲ್ಲಿ ಅವನ ಫೋಟೊ, ನೋಂದಣಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಎಲ್ಲವೂ ಇದ್ದವು. ಎಷ್ಟು ತೆಗೆದುಕೊಳ್ಳಬೇಕು, ದಿನಕ್ಕೆ ಎಷ್ಟು ಸಲ, ಯಾವಾಗ ನಿಲ್ಲಿಸಬೇಕು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಅದನ್ನು ಹೇಳಿಕೊಟ್ಟವನು ಅಂಗಡಿಯ ಮಾರಾಟಗಾರ. ಶಕ್ತಿ ಹೆಚ್ಚಿದ ಸರಕನ್ನು ಮುಂದಿಟ್ಟವನೂ ಅವನೇ.

ನಾವು ಫೋನಿನಲ್ಲಿ ಆತಂಕಪಟ್ಟಾಗಲೆಲ್ಲ "ಇದು ಔಷಧಿ ಅಣ್ಣ, ಡಾಕ್ಟರೇ ಒಪ್ಪಿದ್ದಾರೆ" ಎನ್ನುತ್ತಿದ್ದ. ಅಪ್ಪನ ಬಾಯಿ ಅಲ್ಲಿಗೆ ಕಟ್ಟಿಹೋಗುತ್ತಿತ್ತು. ಕಳ್ಳತನದಲ್ಲಿ ಸೇದುತ್ತಿದ್ದರೆ ಬೈಯಬಹುದಿತ್ತು, ಹಣ ಕಳಿಸುವುದನ್ನು ನಿಲ್ಲಿಸಬಹುದಿತ್ತು. ವೈದ್ಯರೂ ಸರ್ಕಾರವೂ ಒಪ್ಪಿಗೆ ಕೊಟ್ಟ ವಸ್ತುವಿನ ಬಗ್ಗೆ ಓದುಬರಹ ಕಡಿಮೆಯಿದ್ದ ಒಬ್ಬ ತಂದೆ ಏನು ವಾದ ಮಾಡಬಲ್ಲರು? ಅವನು ಕರೆ ಮಾಡುವುದನ್ನೇ ಬಿಟ್ಟಾಗ ನಾನು ಅವನಿದ್ದಲ್ಲಿಗೆ ಹೊರಟುಹೋದೆ. ಕೋಣೆಯಲ್ಲಿ ಲ್ಯಾಪ್‌ಟಾಪಿನ ಕ್ಯಾಮೆರಾ, ಹೊಗೆ ಪತ್ತೆ ಮಾಡುವ ಯಂತ್ರದ ಪುಟ್ಟ ಕೆಂಪು ದೀಪ, ಬಾಗಿಲಿನ ಇಣುಕುಗಂಡಿ, ಎಲ್ಲದರ ಮೇಲೂ ಕಪ್ಪು ಟೇಪನ್ನು ಅಚ್ಚುಕಟ್ಟಾಗಿ ಚೌಕ ಕತ್ತರಿಸಿ ಅಂಟಿಸಿದ್ದ. ಪಕ್ಕದ ಕೋಣೆಯವರು ತನ್ನ ಯೋಚನೆಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಾರೆ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಆ ಸ್ಥಿತಿಯಲ್ಲಿಯೂ ಕಾರ್ಡ್ ಚಾಲ್ತಿಯಲ್ಲಿತ್ತು. ಅಂಗಡಿಯವರು ಅದನ್ನು ನೋಡಿ ಸರಕು ಕೊಡುತ್ತಲೇ ಇದ್ದರು. ಇಂದಿಗೂ ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡಿಸುತ್ತಿದ್ದೇವೆ.

ಗಾಂಜಾ ಒಂದೇ ಇದಕ್ಕೆ ಕಾರಣ ಎಂದು ನಾನು ಹೇಳಲಾರೆ. ವಂಶದಲ್ಲಿ ಬೀಜ ಇತ್ತು, ಗಾಂಜಾ ಇಲ್ಲದೆಯೂ ಮೊಳೆಯುತ್ತಿತ್ತೋ ಏನೋ. ಆದರೆ 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಪ್ರಕಟವಾದ ಯುರೋಪ್ ಮತ್ತು ಬ್ರೆಜಿಲ್‌ನ ಅಧ್ಯಯನದ ಪ್ರಕಾರ, ಟಿಎಚ್‌ಸಿ (ಗಾಂಜಾದಲ್ಲಿ ಅಮಲು ಬರಿಸುವ ಅಂಶ) ಪ್ರಮಾಣ 10% ಮತ್ತು ಅದಕ್ಕಿಂತ ಹೆಚ್ಚಿರುವ ಗಾಂಜಾವನ್ನು ಪ್ರತಿದಿನ ಬಳಸುವವರಲ್ಲಿ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ಸ್ಥಿತಿ) ಕಾಣಿಸಿಕೊಳ್ಳುವ ಸಂಭವ ಎಂದೂ ಬಳಸದವರಿಗಿಂತ ಸುಮಾರು ಐದು ಪಟ್ಟು. ಅಮೆರಿಕದಲ್ಲಿ ಪೊಲೀಸರು ವಶಪಡಿಸಿಕೊಂಡ ಗಾಂಜಾದಲ್ಲಿ ಟಿಎಚ್‌ಸಿ 1995ರಲ್ಲಿ ಸರಾಸರಿ 4% ಇದ್ದದ್ದು 2014ರ ಹೊತ್ತಿಗೆ 12% ಆಗಿತ್ತು. ಅಂದರೆ ಹಳೆಯ ಕಾಲದವರು ಕಂಡ ಗಿಡವೇ ಬೇರೆ, ಈಗ ಮಾರುತ್ತಿರುವುದೇ ಬೇರೆ.

ನಿಮ್ಮ ನಾದಿನಿಗೆ ವಯಸ್ಸಾಗಿದೆ, ಅವರಿಗೆ ಈ ಅಪಾಯ ಅಷ್ಟಾಗಿ ಇರಲಾರದು. ಆದರೆ ನೀವು ಸಹಿ ಹಾಕಬೇಕಿದ್ದ ಕಾಗದದಲ್ಲಿ ನಿಮ್ಮ ನಾದಿನಿಯ ಹೆಸರೊಂದೇ ಇರಲಿಲ್ಲವಲ್ಲ. ನನ್ನ ತಮ್ಮನಂಥವರೂ ಅದೇ ಬಾಗಿಲಿನಿಂದ ಒಳಗೆ ಹೋಗುತ್ತಾರೆ.

*

ಉಪಶಾಮಕ ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದ ವೈದ್ಯರೊಬ್ಬರು ಬರೆದಿರುವುದನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇವೆ. – ಸಂ.

*

ಗಾಂಜಾದ ಅಂಶಗಳಲ್ಲಿ ಔಷಧಗುಣವೇ ಇಲ್ಲ ಎನ್ನುವವರ ಜೊತೆ ನಾನಿಲ್ಲ. ಕೀಮೋಥೆರಪಿಯ ವಾಂತಿಗೆ ಡ್ರೊನಾಬಿನಾಲ್ ಎಂಬ ಕೃತಕ ಟಿಎಚ್‌ಸಿ ಗುಳಿಗೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1985ರಲ್ಲಿಯೇ ಒಪ್ಪಿಕೊಂಡಿದೆ. ನರರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸ್ನಾಯುಬಿಗಿತಕ್ಕೆ ಬಾಯಿಗೆ ಸಿಂಪಡಿಸುವ ಔಷಧವೊಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಇವೆಲ್ಲ ಪ್ರಯೋಗಗಳನ್ನು ದಾಟಿ, ಪ್ರಮಾಣ ನಿಗದಿಯಾಗಿ, ಮಾಮೂಲಿ ಔಷಧಗಳ ಹಾದಿಯಲ್ಲೇ ಬಂದವು. ಆ ಹಾದಿ ತೆರೆದೇ ಇರುವಾಗ ಗಿಡಕ್ಕೆಂದೇ ಪ್ರತ್ಯೇಕ ಕಾನೂನು ಏಕೆ ಬೇಕು ಎಂಬ ಪ್ರಶ್ನೆಗೆ ಮನವಿಪತ್ರ ಬರೆದವರಿಂದ ನನಗೆ ಇದುವರೆಗೆ ಉತ್ತರ ಸಿಕ್ಕಿಲ್ಲ.

ದೀರ್ಘಕಾಲದ ನೋವಿನ ವಿಷಯದಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2017ರ ವರದಿ ವಯಸ್ಕರ ದೀರ್ಘಕಾಲದ ನೋವಿಗೆ ಗಾಂಜಾದಿಂದ ಉಪಯೋಗವಿದೆ ಎಂಬುದಕ್ಕೆ ಗಣನೀಯ ಪುರಾವೆ ಇದೆ ಎಂದಿತು. ಮನೆಯವರು ಇದನ್ನು ನಿಮಗೆ ತೋರಿಸಿರಬಹುದು. ಆದರೆ ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2019ರಲ್ಲಿ, ದೀರ್ಘಕಾಲದ ನೋವಿಗೆ ಟಿಎಚ್‌ಸಿ ಕೊಡಬಾರದು, ಗಾಂಜಾದಲ್ಲಿರುವ, ಅಮಲು ಬರಿಸದ ಸಿಬಿಡಿ ಎಂಬ ಅಂಶವನ್ನು ಪ್ರಯೋಗಗಳಲ್ಲಿ ಮಾತ್ರ ಕೊಡಬಹುದು ಎಂದು ಮಾರ್ಗಸೂಚಿ ಹೊರಡಿಸಿತು. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವೂ 2021ರಲ್ಲಿ ತಾನು ಇದರ ಬಳಕೆಯನ್ನು ಅನುಮೋದಿಸುವುದಿಲ್ಲ ಎಂದಿತು. ಈ ಪ್ರಯೋಗಗಳಲ್ಲಿ ಒಂದು ಸಹಜ ತೊಡಕಿದೆ. ಅರ್ಧದಷ್ಟು ರೋಗಿಗಳಿಗೆ ಹುಸಿ ಔಷಧ ಕೊಟ್ಟು ಹೋಲಿಸಿ ನೋಡುವಾಗ, ತಲೆ ಹಗುರಾದವರಿಗೆ ತಮಗೆ ಸಿಕ್ಕಿದ್ದು ಅಸಲಿ ಎಂದು ಕೂಡಲೇ ಗೊತ್ತಾಗುತ್ತದೆ. ನೋವು ಕಡಿಮೆಯಾಯಿತೇ ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರದಲ್ಲಿ ಔಷಧದ ಪಾಲೆಷ್ಟು, ನಿರೀಕ್ಷೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಕೀಮೋಥೆರಪಿಯಿಂದ ಉಳಿದ ನರನೋವಿಗೆ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘದ ಮಾರ್ಗಸೂಚಿ ಹೆಸರಿಸುವ ಮಾತ್ರೆ ಒಂದೇ: ಡ್ಯುಲೊಕ್ಸೆಟಿನ್. ಅದರ ಪ್ರಯೋಜನವೂ ದೊಡ್ಡದೇನಲ್ಲ, ಎಲ್ಲರಿಗೂ ಆಗಿಬರುವುದಿಲ್ಲ. ಆದರೂ ನಿಮ್ಮ ನಾದಿನಿಗೆ ಅದನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರಗಳ ಕಾಲ ಕೊಟ್ಟು ನೋಡಿದ್ದಾರೆಯೇ? ನಿಮ್ಮ ಪತ್ರದಲ್ಲಿ ಇದು ಇಲ್ಲ. ಸಹಿಗಾಗಿ ಜಗಳವಾಡಿದ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೇಳಿದರೇ ಎಂಬ ಕುತೂಹಲ ನನಗಿದೆ.

*

ಸಂಬಂಧಪಟ್ಟ ವೈದ್ಯರನ್ನು ಕೇಳದೆ ಯಾರೂ ಈ ಪತ್ರದ ಆಧಾರದ ಮೇಲೆ ಔಷಧ ಬದಲಿಸಬಾರದು. ಮುಂದಿನ ಪತ್ರ ನಮಗೂ ಅನಿರೀಕ್ಷಿತವಾಗಿತ್ತು. – ಸಂ.

*

ಗಾಂಜಾ ಗಿಡದಿಂದ ತೆಗೆದ ಔಷಧವೇ ನನ್ನ ಮಗಳ ಜೀವ ಉಳಿಸಿದೆ ಎಂದು ನಂಬಿರುವ ತಾಯಿ ನಾನು. ಆದರೂ ಆ ಮನವಿಪತ್ರಕ್ಕೆ ನಾನು ಸಹಿ ಹಾಕುತ್ತಿರಲಿಲ್ಲ.

ಮಗಳಿಗೆ ಡ್ರಾವೆ ಸಿಂಡ್ರೋಮ್ ಎಂಬ ಅಪರೂಪದ ಮೂರ್ಛೆರೋಗ. ಜ್ವರ ಬಂದರೆ ಸಾಕು, ಒಂದರ ಹಿಂದೆ ಒಂದು ಫಿಟ್ಸ್. ಬೇರೆ ದಾರಿ ಕಾಣದೆ ನಾವು ಮೊದಲು ಅಂತರ್ಜಾಲದಲ್ಲಿ ಸಿಗುವ ಸಿಬಿಡಿ ಎಣ್ಣೆಯನ್ನು ತರಿಸಿದೆವು. ಒಂದು ಬಾಟಲಿಯಲ್ಲಿ ಫಿಟ್ಸ್ ಕಡಿಮೆಯಾದಂತೆ ಕಂಡಿತು. ಅದೇ ಹೆಸರಿನ ಮುಂದಿನ ಬಾಟಲಿಯಲ್ಲಿ ಮಗು ದಿನವಿಡೀ ತೂಕಡಿಸಿತು. ಆಮೇಲೆ ತಿಳಿದದ್ದೇನೆಂದರೆ, 2017ರಲ್ಲಿ ಸಂಶೋಧಕರು ಅಂತರ್ಜಾಲದಲ್ಲಿ ಮಾರಾಟವಾಗುವ ಇಂಥ 84 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಸುಮಾರು 31% ಬಾಟಲಿಗಳಲ್ಲಿ ಮಾತ್ರ ಚೀಟಿಯಲ್ಲಿ ಬರೆದಷ್ಟು ಸಿಬಿಡಿ ಇತ್ತು. 18ರಲ್ಲಿ ಅಮಲು ಬರಿಸುವ ಟಿಎಚ್‌ಸಿ ಪತ್ತೆಯಾಯಿತು. ಮಗುವಿನ ನಾಲಿಗೆಯ ಮೇಲೆ ನಾನು ಹನಿ ಎಣಿಸಿ ಹಾಕುತ್ತಿದ್ದೆ, ಹನಿಯಲ್ಲಿ ಏನಿತ್ತೋ ಗೊತ್ತಿಲ್ಲ.

2018ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಶುದ್ಧ ಸಿಬಿಡಿ ಔಷಧ ನಮಗೆ ಸಿಕ್ಕಿದ ಮೇಲೆ ಎಲ್ಲವೂ ಬದಲಾಯಿತು. ಮಗಳ ತೂಕಕ್ಕೆ ತಕ್ಕಂತೆ ಮಿಲಿಗ್ರಾಂ ಲೆಕ್ಕ, ಪಿಚಕಾರಿಯ ಮೇಲೆ ಗೆರೆ. ಅವಳು ಆಗಲೇ ತೆಗೆದುಕೊಳ್ಳುತ್ತಿದ್ದ ಕ್ಲೊಬಾಜಮ್ ಎಂಬ ಫಿಟ್ಸ್ ಔಷಧ ಇದರ ಜೊತೆ ಸೇರಿದರೆ ರಕ್ತದಲ್ಲಿ ಅದರ ಪರಿಣಾಮ ಏರಿ ಮಂಪರು ಹೆಚ್ಚುತ್ತದೆ ಎಂದು ವೈದ್ಯರು ಮೊದಲೇ ಹೇಳಿ ಅದರ ಡೋಸ್ ಇಳಿಸಿದರು. ವ್ಯಾಲ್ಪ್ರೊಯೇಟ್ ಎಂಬ ಇನ್ನೊಂದು ಫಿಟ್ಸ್ ಔಷಧವೂ ಇದ್ದುದರಿಂದ ಯಕೃತ್ತಿನ ರಕ್ತಪರೀಕ್ಷೆ ಆಗಾಗ ಆಗುತ್ತದೆ. ಇಷ್ಟು ಎಚ್ಚರಿಕೆಯನ್ನು ಯಾವ ಅಂಗಡಿಯ ಕಾರ್ಡು ಕೊಡುತ್ತದೆ? ನಮ್ಮ ಮಕ್ಕಳ ಫೋಟೊಗಳನ್ನು ಮನವಿಪತ್ರಗಳ ಮೇಲೆ ಹಾಕಿಕೊಂಡು ಬೇರೆ ಯಾವುದೋ ವ್ಯಾಪಾರಕ್ಕೆ ದಾರಿ ಮಾಡುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

*

ಹೆಂಡ ಮತ್ತು ತಂಬಾಕಿಗೆ ಪರವಾನಗಿ ಕೊಟ್ಟು ತೆರಿಗೆ ಎಣಿಸುವ ಸರ್ಕಾರಗಳಿಗೆ ಗಾಂಜಾದ ವಿಷಯದಲ್ಲಿ ಮಾತ್ರ ನೀತಿ ನೆನಪಾಗುವುದು ಹಾಸ್ಯಾಸ್ಪದ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗವೇ 27–25 ಮತಗಳಿಂದ ಗಾಂಜಾವನ್ನು ಅತ್ಯಂತ ಅಪಾಯಕಾರಿ ಪಟ್ಟಿಯಿಂದ ತೆಗೆದಿದೆ. ಫಾರ್ಮಸಿಸ್ಟ್ ಅವರಿಗೆ ಇದು ಗೊತ್ತಿಲ್ಲವೇ?

*

ಗೊತ್ತಿರಬೇಕು. ಅದೇ ಆಯೋಗ ಗಾಂಜಾವನ್ನು ಮಾದಕ ವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದದ ಒಂದನೇ ಪಟ್ಟಿಯಲ್ಲಿ, ಅಂದರೆ ಕಟ್ಟುನಿಟ್ಟಿನ ನಿಯಂತ್ರಣದಲ್ಲಿಯೇ ಉಳಿಸಿಕೊಂಡಿದೆ ಎಂಬುದನ್ನೂ ಸೇರಿಸಬಹುದು. – ಸಂ.

*

ಸಂಖ್ಯಾಶಾಸ್ತ್ರ ಕಲಿಸುವವಳಾದ ನನಗೆ ನಿಮ್ಮ ನಾದಿನಿಯ ವಿಷಯಕ್ಕಿಂತ, ನೀವು ಉಲ್ಲೇಖಿಸಿದ ಮನವಿಪತ್ರದ ಒಂದು ಸಾಲು ಹೆಚ್ಚು ಕಾಡಿತು: "ಗಾಂಜಾ ಕಾನೂನುಬದ್ಧವಾದಲ್ಲಿ ಅಫೀಮು ವರ್ಗದ ನೋವುನಿವಾರಕಗಳಿಂದ ಆಗುವ ಸಾವುಗಳು ಇಳಿಯುತ್ತವೆ." ಇದರ ಮೂಲ 2014ರ ಒಂದು ಅಧ್ಯಯನ. ಅಮೆರಿಕದಲ್ಲಿ ವೈದ್ಯಕೀಯ ಗಾಂಜಾ ಕಾನೂನು ಇದ್ದ ರಾಜ್ಯಗಳಲ್ಲಿ 1999ರಿಂದ 2010ರವರೆಗೆ ಅಂಥ ಸಾವುಗಳ ಪ್ರಮಾಣ ಸುಮಾರು 25% ಕಡಿಮೆ ಇತ್ತು ಎಂದು ಅದು ತೋರಿಸಿತು. 2019ರಲ್ಲಿ ಬೇರೆ ಸಂಶೋಧಕರು ಅದೇ ವಿಧಾನವನ್ನು 2017ರವರೆಗಿನ ಅಂಕಿಅಂಶಗಳಿಗೆ ಅನ್ವಯಿಸಿದಾಗ ಫಲಿತಾಂಶ ತಿರುಗಿಬಿತ್ತು: ಸಾವುಗಳು ಸುಮಾರು 23% ಹೆಚ್ಚು. ಗಾಂಜಾ ಕೊಲ್ಲುತ್ತದೆ ಎಂದು ಇದರ ಅರ್ಥವಲ್ಲ. ರಾಜ್ಯಗಳ ಸರಾಸರಿಯಿಂದ ವ್ಯಕ್ತಿಗಳ ಬಗ್ಗೆ ತೀರ್ಮಾನಿಸಬಾರದು ಎಂದು ಆ ಸಂಶೋಧಕರೇ ಎಚ್ಚರಿಸಿದರು. ಮೊದಲ ಅಧ್ಯಯನ ಮನವಿಪತ್ರಗಳಲ್ಲಿ ಈಗಲೂ ಓಡಾಡುತ್ತಿದೆ, ಎರಡನೆಯದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ.

*

ಔಷಧವನ್ನು ಸಹಿ ಸಂಗ್ರಹಿಸಿ ನಿರ್ಧರಿಸುವುದಾದರೆ ನೀವು ಫಾರ್ಮಸಿ ಓದಿದ್ದೇಕೆ? ಸರಿಯಾಗಿಯೇ ಮಾಡಿದ್ದೀರಿ.

*

ಕಾನೂನು ಬೋಧಕನಾಗಿ ಒಂದು ಮಾತು. ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ರೋಗಿಗಳಿಗಾಗಿ ಗಾಂಜಾವನ್ನು ಒಪ್ಪಿದರು, 2016ರಲ್ಲಿ ವಯಸ್ಕರೆಲ್ಲರಿಗೂ ಒಪ್ಪಿದರು. ಕೆನಡಾದಲ್ಲಿ ಇದೇ ಪಯಣ 2001ರಿಂದ 2018ರೊಳಗೆ ಮುಗಿಯಿತು. ಎರಡನೆಯ ಹೆಜ್ಜೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅದನ್ನು ಬಯಸುವವರು ಹಾಗೆಂದೇ ಹೇಳಿ ಮತ ಕೇಳಲಿ. ರೋಗಿಯ ಹಾಸಿಗೆಯನ್ನು ಮುಂದಿಟ್ಟುಕೊಂಡು ಕೇಳುವುದು ಪ್ರಾಮಾಣಿಕವಲ್ಲ. ಅದೇ ಅಮೆರಿಕದಲ್ಲಿ ಗರ್ಭಿಣಿಯರು ನುಂಗಿದ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದ ಥಾಲಿಡೊಮೈಡ್ ದುರಂತದ ಬೆನ್ನಲ್ಲೇ, 1962ರಲ್ಲಿ, ಯಾವುದೇ ಔಷಧ ಮಾರುಕಟ್ಟೆಗೆ ಬರುವ ಮುನ್ನ ಅದು ಫಲಕಾರಿ ಎಂದು ತಯಾರಕರು ರುಜುವಾತುಪಡಿಸಬೇಕೆಂಬ ಕಾನೂನು ಬಂದಿತ್ತು. ಆ ಹೊಣೆಯಿಂದ ಒಂದು ಗಿಡಕ್ಕೆ ಮಾತ್ರ ವಿನಾಯಿತಿ ಕೊಟ್ಟರೆ, ನಾಳೆ ಇನ್ನೊಂದರ ಮಾರಾಟಗಾರರು ಅದೇ ವಿನಾಯಿತಿ ಕೇಳಿದಾಗ ಯಾವ ಆಧಾರದ ಮೇಲೆ ನಿರಾಕರಿಸುವುದು?

*

ಹಲವರು ಸಹಿಯ ಪ್ರಶ್ನೆಯನ್ನು ಬದಿಗಿಟ್ಟು ಮನಸ್ತಾಪದ ಬಗ್ಗೆ ಬರೆದಿದ್ದಾರೆ. ಅವುಗಳಲ್ಲಿ ಹಿರಿಯರೊಬ್ಬರದು. – ಸಂ.

*

ಮಗಳೇ, ವಾದದಲ್ಲಿ ನೀನು ಗೆದ್ದರೂ ಆ ಹುಡುಗಿಯ ಕಾಲು ಉರಿಯುತ್ತಲೇ ಇರುತ್ತದೆ. ಅವಳು ಮುಂದಿನ ಸಲ ಡಾಕ್ಟರ ಬಳಿಗೆ ಹೋಗುವಾಗ ನೀನೂ ಹೋಗು. ಬರಬೇಡ ಎಂದರೆ ಹೊರಗಿನ ಬೆಂಚಿನ ಮೇಲೆ ಕೂತಿರು. ಅದಕ್ಕೂ ಮೊದಲು ಒಂದು ನೋಟ್‌ಬುಕ್ ಕೊಟ್ಟು, ನೋವು ಯಾವ ಹೊತ್ತಿಗೆ ಏರುತ್ತದೆ, ಹತ್ತಕ್ಕೆ ಎಷ್ಟು, ಎಷ್ಟು ಗಂಟೆ ನಿದ್ರೆ, ಯಾವ ಮಾತ್ರೆ ನುಂಗಿದ ಮೇಲೆ ಏನಾಯಿತು ಎಂದು ಬರೆಸು. ಅವಳು ಬರೆಯದಿದ್ದರೆ ನಿನ್ನ ಗಂಡನ ಕೈಯಲ್ಲಿ ಬರೆಸು. ಔಷಧದ ಅಂಗಡಿಯಲ್ಲಿ ಇದ್ದವಳು ನೀನು, ಯಾವ ಮಾತ್ರೆಯ ಬಗ್ಗೆ ಏನು ಕೇಳಬೇಕೆಂದು ಮನೆಯಲ್ಲಿ ನಿನಗಲ್ಲದೆ ಇನ್ನಾರಿಗೆ ತಿಳಿದೀತು?

*

ಈ ಚರ್ಚೆಯನ್ನು ಇಲ್ಲಿಗೆ ಮುಗಿಸುತ್ತಿದ್ದೇವೆ. ಗಾಂಜಾ ಎಣ್ಣೆ ಎಲ್ಲಿ ಸಿಗುತ್ತದೆ, ಯಾವ ಕಂಪನಿಯದು ಒಳ್ಳೆಯದು ಎಂದು ವಿಚಾರಿಸಿ ಬಂದ ಪತ್ರಗಳಿಗೆ ನಾವು ಉತ್ತರಿಸುವುದಿಲ್ಲ. ಅವನ್ನು ಬರೆದವರು, ಈಗಾಗಲೇ ಅಂಥ ಎಣ್ಣೆಯನ್ನು ಬಳಸುತ್ತಿದ್ದರೆ, ಆ ವಿಷಯವನ್ನು ತಮ್ಮ ವೈದ್ಯರಿಂದ ಮುಚ್ಚಿಡಬಾರದೆಂದು ವಿನಂತಿ. ನಿವೃತ್ತ ವೈದ್ಯರ ಪತ್ರದ ಪೂರ್ಣಪಾಠವನ್ನು ಸಮಸ್ಯೆ ಬರೆದ ಓದುಗರಿಗೆ ಅಂಚೆಯಲ್ಲಿ ಕಳುಹಿಸಲಾಗಿದೆ. – ಸಂ.