ಹೆಸರು ಬಿಟ್ಟರೆ ಸಾಕಾ ಮೇಡಂ?

ನಮ್ಮ ಗುಂಪಿನಲ್ಲಿ ತುಮಕೂರು ಜಿಲ್ಲೆಯ ಪತ್ರಿಕೋದ್ಯಮ ವಿದ್ಯಾರ್ಥಿಗಳೂ ಕೆಲವು ವರದಿಗಾರರೂ ಇದ್ದೇವೆ. ಈ ಭಾನುವಾರ ಕಾನೂನಿನ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ತುಮಕೂರು ಕೋರ್ಟಿನ ವಕೀಲರೊಬ್ಬರು. ಮೊದಲು ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಡೆಸ್ಕ್‌ನಲ್ಲಿದ್ದವರು.

ಸಿರಾ ವಿದ್ಯಾರ್ಥಿ: ನಮಸ್ತೆ ಮೇಡಂ. ಲ್ಯಾಬ್ ಜರ್ನಲ್‌ಗೆ, ಅಂದ್ರೆ ವಿದ್ಯಾರ್ಥಿಗಳೇ ತರೋ ಅಭ್ಯಾಸ ಪತ್ರಿಕೆಗೆ, ಗೂಗಲ್‌ನಲ್ಲಿ ಸಿಕ್ಕ ಫೋಟೊ ಹಾಕಬಹುದಾ? ಕೆಳಗೆ ‘ಕೃಪೆ: ಇಂಟರ್ನೆಟ್’ ಅಂತ ಹಾಕ್ತೀವಿ.

ವಕೀಲರು: ನಮಸ್ತೆ. ಫೋಟೊ ತೆಗೆದವರು ಯಾರೋ ಒಬ್ಬರು ಇರ್ತಾರೆ, ಹಕ್ಕು ಅವರದು. ಅವರ ಒಪ್ಪಿಗೆ ಬೇಕು. ಅಮಾನಿಕೆರೆ ಚಿತ್ರ ಬೇಕಿದ್ದರೆ ನೀವೇ ಹೋಗಿ ತೆಗೆಯಿರಿ.

ಗುಬ್ಬಿ ವಿದ್ಯಾರ್ಥಿನಿ: ಮೇಡಂ, ಹಾಸ್ಟೆಲ್ ಊಟದ ಬಗ್ಗೆ ಬರೆದಿದ್ದೀನಿ. ಮಾನಹಾನಿ ಕೇಸ್ ಹಾಕ್ತೀವಿ ಅಂತಿದ್ದಾರೆ. ಬರೆದದ್ದು ಸತ್ಯ.

ವಕೀಲರು: ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ನೋಡಮ್ಮ. ಎರಡು ವರ್ಷದವರೆಗೆ ಶಿಕ್ಷೆ ಇದೆ. ಕ್ರಿಮಿನಲ್ ಕೇಸಿನಲ್ಲಿ ಸತ್ಯ ಅಂದರೆ ಮುಗಿಯಲ್ಲ, ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕು. ಹಾಸ್ಟೆಲ್ ಊಟ ಖಂಡಿತ ಸಾರ್ವಜನಿಕ ವಿಷಯವೇ. ‘ಅನ್ನದಲ್ಲಿ ಹುಳ ಇತ್ತು’ ಅನ್ನೋದು ನೀನು ಕಂಡದ್ದು. ‘ವಾರ್ಡನ್ ಅಕ್ಕಿ ಮಾರಿಕೊಂಡರು’ ಅನ್ನೋದು ನೀನು ಊಹಿಸಿದ್ದು, ಅದನ್ನು ತೆಗಿ. ವಾರ್ಡನ್‌ಗೆ ಫೋನ್ ಮಾಡಿ ಅವರ ಮಾತೂ ಹಾಕು. ಎತ್ತದಿದ್ದರೆ ಎಷ್ಟು ಗಂಟೆಗೆ ಮಾಡಿದೆ ಅಂತ ನೋಟ್‌ಬುಕ್‌ನಲ್ಲಿ ಬರೆದಿಡು.

ಕೊರಟಗೆರೆ ವಿದ್ಯಾರ್ಥಿ: ಎಲ್ಲರಿಗೂ ಉಪಯೋಗ ಆಗತ್ತೆ ಅಂತ ಕಳಿಸ್ತಿದ್ದೀನಿ. ವಿಡಿಯೊ ಕೆಳಗೆ ‘ಕಾಪಿರೈಟ್ ಕಾಯ್ದೆ 1976, ಸೆಕ್ಷನ್ 107’ ಅಂತ ಹಾಕಿದ್ರೆ ಕೇಸೇ ಬೀಳಲ್ಲವಂತೆ.

ವಕೀಲರು: ಅದು ಅಮೆರಿಕದ ಕಾಯ್ದೆ. ನಮ್ಮದು 1957ರದು, ಕಲಂ 52. ವಿಮರ್ಶೆಗೆ, ಪ್ರಚಲಿತ ಘಟನೆಯ ವರದಿಗೆ ಒಂದಿಷ್ಟು ಬಳಸಿಕೊಳ್ಳಲು ಅದರಲ್ಲಿ ಅವಕಾಶ ಇದೆ. ಇಡೀ ಹಾಡು ಎತ್ತಿ ಹಾಕಲು ಇಲ್ಲ. ಓದದೆ ಇಂಥದ್ದನ್ನು ದಯವಿಟ್ಟು ಹಂಚಬೇಡಿ.

ಎರಡನೇ ವರ್ಷದ ವಿದ್ಯಾರ್ಥಿನಿ (ತಿದ್ದಲಾಗಿದೆ): ಮೇಡಂ, ನಮ್ಮ ಕಡೆ ಒಂದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಕೇಸ್ ಆಗಿದೆ. ತಾಯಿಯನ್ನು ಮಾತಾಡಿಸಿ ಕ್ಲಾಸಿನ ಯೂಟ್ಯೂಬ್‌ಗೆ ಹಾಕಿದ್ವಿ. ಮಗುವಿನ ಹೆಸರು ಹೇಳಿಲ್ಲ. ತಾಯಿ ಮುಖ ಮಬ್ಬು ಮಾಡಿದ್ದೀವಿ, ಅವರೇ ಒಪ್ಪಿ ಮಾತಾಡಿದ್ದು. ಹೆಸರು ಬಿಟ್ಟರೆ ಸಾಕಲ್ವಾ?

ವಕೀಲರು: ಸಾಲದು. ಮೊದಲು ನಿನ್ನ ಪ್ರಶ್ನೆಯಲ್ಲಿರೋ ಊರು, ತರಗತಿ ಎರಡನ್ನೂ ಅಳಿಸು. ಆಮೇಲೆ ಬರೀತೀನಿ.

ಎರಡನೇ ವರ್ಷದ ವಿದ್ಯಾರ್ಥಿನಿ: ಅಳಿಸಿದೆ ಮೇಡಂ.

ವಕೀಲರು: ವಿಡಿಯೊ ನೋಡಿದೆ. ಮುಖ ಮಬ್ಬಾಗಿದೆ, ದನಿ ಹಾಗೇ ಇದೆ. ಬಾಗಿಲ ಪಕ್ಕದ ಗೋಡೆ ಕಾಣ್ತಿದೆ, ಅದರ ಮೇಲೆ ಮನೆ ನಂಬರ್ ಇದೆ. ಮಗು ಯಾವ ಶಾಲೆಯಿಂದ ಬರ್ತಿತ್ತು ಅನ್ನೋದು ತಾಯಿ ಬಾಯಲ್ಲೇ ಬಂದಿದೆ. ಉಳಿದದ್ದನ್ನು ಇಲ್ಲಿ ಬರೆಯಲ್ಲ. ಪೋಕ್ಸೊ ಕಾಯ್ದೆ, 2012, ಕಲಂ 23: ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದೂ ಹೊರಗೆ ಬರಬಾರದು. ತಾಯಿ ಒಪ್ಪಿದರು ಅನ್ನೋದು ನಡೆಯಲ್ಲ. ಅನುಮತಿ ಕೊಡೋದು ವಿಶೇಷ ನ್ಯಾಯಾಲಯ ಮಾತ್ರ, ಅದೂ ಮಗುವಿನ ಹಿತಕ್ಕೆ ಅನಿಸಿದರೆ, ಕಾರಣ ಬರೆದು. ಮೀರಿದರೆ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಪ್ರಕಾಶಕರು, ಮಾಲೀಕರೂ ಹೊಣೆ. 2018ರಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ದೂರದಿಂದಲಾದರೂ ಗುರುತು ಹತ್ತುವಂಥದ್ದನ್ನು ಹಾಕಬಾರದು.

ಡೆಸ್ಕ್‌ನಲ್ಲಿದ್ದಾಗ ನನ್ನ ಕೈಯಿಂದಲೇ ಹೀಗಾಗಿದೆ. ಒಂದು ಕಾಲಂ ಸುದ್ದಿ. ಹುಡುಗಿ ಹೆಸರು ಹೊಡೆದುಹಾಕಿದೆ, ಆರೋಪಿ ಹೆಸರನ್ನು ಹಾಗೇ ಉಳಿಸಿದೆ, ‘ಸೋದರಮಾವ’ ಅನ್ನೋ ಪದವನ್ನೂ ಉಳಿಸಿದೆ. ಅವನ ಹೆಸರು, ಆ ಒಂದು ಪದ, ಎರಡೂ ಸೇರಿ ಆ ಮಗು ಯಾರು ಅಂತ ಇಡೀ ಊರಿಗೆ ಹೇಳಿಬಿಟ್ಟವು. ಮಗು ಶಾಲೆ ಬಿಟ್ಟಿತು ಅಂತ ಆಮೇಲೆ ಗೊತ್ತಾಯಿತು. ಅವತ್ತಿಂದ ಇಂಥ ಸುದ್ದಿ ಬಂದರೆ ಆ ಮಗುವಿನ ಪಕ್ಕದ ಮನೆಯವಳಾಗಿ ಒಂದು ಸಲ ಓದ್ತೀನಿ.

ಈಗ ಮಾಡಬೇಕಾದ್ದು. ವಿಡಿಯೊ ತೆಗಿ. ಲಿಂಕ್ ಇದ್ದವರಿಗೆ ಮಾತ್ರ ಕಾಣೋ ಹಾಗೆ ಇಟ್ಟರೆ ಆಗಲ್ಲ, ಪೂರ್ತಿ ತೆಗಿ. ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡವರನ್ನೆಲ್ಲ ಹುಡುಕು. ನಿಮ್ಮ ಮೇಷ್ಟ್ರಿಗೆ ಇವತ್ತೇ ಹೇಳು. ‘ತಿದ್ದುಪಡಿ’ ಅಂತ ಇನ್ನೊಂದು ಪೋಸ್ಟ್ ಹಾಕಿ ಏನು ತೆಗೆದೆ ಅಂತ ವಿವರಿಸೋಕೆ ಹೋಗಬೇಡ. ನನಗೆ ಫೋನ್ ಮಾಡು.

ತಿಪಟೂರು ವರದಿಗಾರ: ಮೇಡಂ, ಫೀಲ್ಡ್‌ನಲ್ಲಿ ಇದೆಲ್ಲ ಆಗೋ ಮಾತಲ್ಲ. ಪೊಲೀಸರೇ ಎಲ್ಲಾ ವಿವರ ಕೊಡ್ತಾರೆ.

ಮಧುಗಿರಿ ವಿದ್ಯಾರ್ಥಿ: ಕೊಟ್ಟಿದ್ದನ್ನೆಲ್ಲ ಹಾಕಬೇಕು ಅಂತ ಎಲ್ಲಿದೆ ಸರ್? ನೀವು ಬರೆಯೋದು ನೋಡಿದ್ದೀನಿ. ಕೂಲಿಯವನನ್ನು ಹಿಡಿದ ದಿನವೇ ‘ಕದ್ದಿದ್ದಾನೆ’. ಗುತ್ತಿಗೆದಾರನ ಮೇಲೆ ಕೇಸ್ ಬಿದ್ದರೆ ‘ಆರೋಪ ಎದುರಿಸುತ್ತಿದ್ದಾರೆ’.

ತಿಪಟೂರು ವರದಿಗಾರ: ಅದು ಡೆಸ್ಕ್‌ನವರ ಭಾಷೆ ಕಣಪ್ಪ, ನನ್ನದಲ್ಲ.

ಗುಬ್ಬಿ ವಿದ್ಯಾರ್ಥಿನಿ: ನೀವು ಕಳಿಸೋ ಕಾಪಿಯಲ್ಲೇ ಹಾಗಿರತ್ತೆ ಅಣ್ಣ. ನಾನು ಅಲ್ಲೇ ಇಂಟರ್ನ್‌ಶಿಪ್ ಮಾಡಿದ್ದೀನಿ.

ಪಾವಗಡ ಸದಸ್ಯ: ಮೇಡಂ, ಯೂಟ್ಯೂಬ್ ಚಾನೆಲ್‌ಗೆ ಪ್ರೆಸ್ ಕಾರ್ಡ್ ಎಲ್ಲಿ ಮಾಡಿಸಬೇಕು?

ತಿಪಟೂರು ವರದಿಗಾರ: ಡಿಗ್ರಿ ಮುಗಿಸಿ ಬಾ, ಆಮೇಲೆ ನನಗೆ ಪಾಠ ಹೇಳು.

ಮಧುಗಿರಿ ವಿದ್ಯಾರ್ಥಿ: ಏಕವಚನ ಬೇಡ.

ತಿಪಟೂರು ವರದಿಗಾರ: ನಿನ್ನ ವಯಸ್ಸಿಗೆ ಬಹುವಚನ ಬೇರೆ ಕೊಡಬೇಕಾ?

ಮಧುಗಿರಿ ವಿದ್ಯಾರ್ಥಿ: ಕೂಲಿಯವನಿಗೂ ಇದೇ ಮಾತೇ ಅಲ್ವಾ ನೀನು ಹೇಳೋದು?

ವಕೀಲರು: ಇಬ್ಬರೂ ನಿಲ್ಲಿಸಿ. ಮಧುಗಿರಿ ಹುಡುಗ ಎತ್ತಿದ ಮಾತು ಸರಿ. ತೀರ್ಪು ಬರೋವರೆಗೆ ‘ಆರೋಪಿ’, ‘ಅಪರಾಧಿ’ ಅಲ್ಲ. ಕ್ರಿಯಾಪದದಲ್ಲೂ ಅದು ಕಾಣಬೇಕು. ಬಡವನಿಗೆ ‘ದ್ದಾನೆ’, ಉಳ್ಳವನಿಗೆ ‘ದ್ದಾರೆ’ ಅಂತ ಬರೆಯೋದು ಓದುಗರ ಕಣ್ಣಿಗೆ ಬೀಳತ್ತೆ.

ಸಿರಾ ಇನ್ನೊಬ್ಬ ವಿದ್ಯಾರ್ಥಿ: ಗೂಗಲ್ ಫೋಟೊ ಹಾಕಬಹುದಾ ಮೇಡಂ?

ವಕೀಲರು: ಮೇಲೆ ಹೇಳಿದ್ದೇನೆ.

ಕೊರಟಗೆರೆ ವಿದ್ಯಾರ್ಥಿ: ಸರ್ಕಾರದ ವಿರುದ್ಧ ಬರೆದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಹಾಕ್ತಾರೆ ಅಂತ ಮೆಸೇಜ್ ಬಂದಿದೆ. ಅದಕ್ಕೆ ‘ಬಂದದ್ದನ್ನು ಹಾಗೇ ಕಳಿಸಿದ್ದೇನೆ’ ಅಂತ ಬರೆದು ಕಳಿಸಿದರೆ ಸೇಫ್ ಅಂತೆ.

ವಕೀಲರು: 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ರದ್ದು ಮಾಡಿದೆ. ಫಾರ್ವರ್ಡ್ ಮಾಡಿದರೆ ಅದನ್ನು ಒಪ್ಪಿಕೊಂಡಂತೆ ಅಂತ ಮದ್ರಾಸ್ ಹೈಕೋರ್ಟ್ 2018ರಲ್ಲಿ ಹೇಳಿದೆ. ಆ ಒಂದು ಸಾಲು ಯಾರನ್ನೂ ಕಾಯಲ್ಲ. ಇದು ನೀನು ಕಳಿಸ್ತಿರೋ ಎರಡನೆಯದು. ಇನ್ನೊಂದು ಕಳಿಸಿದರೆ ಅಡ್ಮಿನ್‌ಗೆ ಹೇಳಿ ಹೊರಗೆ ಹಾಕಿಸ್ತೀನಿ.

ತಿಪಟೂರು ವರದಿಗಾರ: ಇಲ್ಲಿ ಅನುಭವಕ್ಕೆ ಬೆಲೆ ಇಲ್ಲ. ಹೊರಟೆ.

ಪಾವಗಡ ಸದಸ್ಯ: ಮೇಡಂ, ಪ್ರೆಸ್ ಕಾರ್ಡ್?

ವಕೀಲರು: ಎರಡನೇ ವರ್ಷದ ಹುಡುಗಿ, ಇದ್ದೀಯಾ? ವಿಡಿಯೊ ಏನಾಯಿತು?

ಎರಡನೇ ವರ್ಷದ ವಿದ್ಯಾರ್ಥಿನಿ: ತೆಗೆದ್ವಿ ಮೇಡಂ. ಮೇಷ್ಟ್ರಿಗೂ ಹೇಳಿದೆ. ಸ್ಟೇಟಸ್‌ಗಳನ್ನೂ ತೆಗೆಸಿದ್ವಿ. ಒಬ್ಬರದು ಉಳಿದಿದೆ, ಫೋನ್ ಎತ್ತುತ್ತಿಲ್ಲ.

ವಕೀಲರು: ಅವರ ಮನೆ ಗೊತ್ತಾ?

ಎರಡನೇ ವರ್ಷದ ವಿದ್ಯಾರ್ಥಿನಿ: ಬಿ.ಎಚ್. ರಸ್ತೆ ಹತ್ತಿರ.

ವಕೀಲರು: ಯಾರನ್ನಾದರೂ ಜೊತೆಗೆ ಕರೆದುಕೊಂಡು ಈಗಲೇ ಹೋಗು. ನಿನ್ನ ಕಣ್ಣೆದುರೇ ತೆಗೆಸಿ ಬಾ.