ಕಡಲತೀರದ ಗಾಲ್ಫ್ ಪ್ಯಾಕೇಜ್ ಆರಿಸುವಾಗ ಮೊದಲು ಏನು ನೋಡಬೇಕು?

ಹೊಸಬ್ಯಾಗ್:
ಎಲ್ಲರಿಗೂ ನಮಸ್ಕಾರ. ಸಮುದ್ರದ ಪಕ್ಕ ಎಲ್ಲಾದರೂ ಹೋಗಿ ಗಾಲ್ಫ್ ಆಡಿ ಬರಬೇಕು ಅಂತ ನಾನೂ ನನ್ನ ತಮ್ಮನೂ ಬಹಳ ಸಮಯದಿಂದ ಅಂದುಕೊಂಡಿದ್ದೇವೆ. ಅವನು ಚೆನ್ನಾಗಿ ಆಡುತ್ತಾನೆ, ನಾನಿನ್ನೂ ಕಲಿಯುತ್ತಿದ್ದೇನೆ, ನನ್ನ ಹೆಂಡತಿ ಆಡುವುದೇ ಇಲ್ಲ, ಆದರೆ ಅವಳಿಗೂ ಇದು ರಜೆಯೇ ತಾನೇ, ರೂಮಿನಲ್ಲಿ ಕೂತು ನಮಗಾಗಿ ಕಾಯುವ ಹಾಗೆ ಆಗಬಾರದು. ಪ್ಯಾಕೇಜ್‌ಗಳನ್ನು ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ರೂಮು, ಬೆಳಗಿನ ತಿಂಡಿ, ಇಷ್ಟು ರೌಂಡ್ (ಅಂದರೆ 18 ಹೋಲ್‌ಗಳ ಪೂರ್ತಿ ಆಟ), ನೀಲಿ ಸಮುದ್ರದ ಫೋಟೋ. ಹಾಗಿದ್ದರೆ ದರದಲ್ಲಿ ಇಷ್ಟೊಂದು ವ್ಯತ್ಯಾಸ ಯಾಕೆ? 'ಎಷ್ಟು ಬೇಕಾದರೂ ಆಡಿ' ಅನ್ನುವ ಪ್ಯಾಕೇಜ್ ತೆಗೆದುಕೊಂಡರೆ ಲಾಭವಾ?

ಎದುರುಗಾಳಿ:
ಹೋಟೆಲ್ ಆಮೇಲೆ ನೋಡಿ ಸರ್. ಯಾವ ಕೋರ್ಸ್ (ಗಾಲ್ಫ್ ಮೈದಾನ), ಯಾವ ದಿನ, ಎಷ್ಟು ಗಂಟೆಗೆ, ಇದು ಮೊದಲು ಗೊತ್ತಾಗಬೇಕು. ದರದ ವ್ಯತ್ಯಾಸ ಹೆಚ್ಚಾಗಿ ಅಲ್ಲೇ ಇರುತ್ತದೆ.

ಕಡಲ ಪಕ್ಕದಲ್ಲಿ ಆಟ ಶುರುವಾಗುವ ಹೊತ್ತಿಗೆ ಇರುವಷ್ಟು ಬೆಲೆ ಬೇರೆ ಯಾವುದಕ್ಕೂ ಇಲ್ಲ. ಬಿಸಿಲೇರಿ ನೆಲ ಕಾದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಬೀಸಲು ಶುರುವಾಗುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ. ಗಂಟೆಗೆ 16 ಕಿ.ಮೀ. ಎದುರುಗಾಳಿ ಇದ್ದರೆ ಸುಮಾರು ಒಂದು ಕ್ಲಬ್ ಹೆಚ್ಚಿಗೆ ಬೇಕು, ಅಂದರೆ ಚೆಂಡನ್ನು ಒಂದು ಹಂತ ಹೆಚ್ಚು ದೂರ ಕಳಿಸುವ ಕೋಲು ಹಿಡಿಯಬೇಕು ಅಂತ ಆಟಗಾರರ ಲೆಕ್ಕ. ಕಲಿಯುತ್ತಿರುವವರಿಗೆ ಬೆಳಗಿನ ಟೀ ಟೈಮ್ (ಆಟ ಶುರು ಮಾಡಲು ಕೊಡುವ ಸಮಯ) ಸಿಕ್ಕರೆ ಆಟವೇ ಬೇರೆ. ಅಗ್ಗದ ಪ್ಯಾಕೇಜ್‌ಗಳಲ್ಲಿ ಮಧ್ಯಾಹ್ನ ಇಲ್ಲವೇ ಸಂಜೆಯ ಹೊತ್ತನ್ನು ಕೊಟ್ಟಿರುವುದು ಜಾಸ್ತಿ, ಸಂಜೆ ಶುರು ಮಾಡಿದರೆ 18 ಹೋಲ್ ಮುಗಿಯುವ ಮೊದಲೇ ಕತ್ತಲಾಗಬಹುದು. ಟೀ ಟೈಮ್ ಖಾತ್ರಿಯಾಗಿದೆಯಾ, ಇಲ್ಲಾ 'ಸಿಕ್ಕರೆ ಕೊಡುತ್ತೇವೆ' ಅಂತಲಾ, ಬರಹದಲ್ಲಿ ಕೇಳಿ ತೆಗೆದುಕೊಳ್ಳಿ.

ಎಷ್ಟು ಬೇಕಾದರೂ ಆಡಿ ಅನ್ನುವುದು ನಿಮಗೆ ಬೇಡ ಅಂತಲೇ ಹೇಳುತ್ತೇನೆ. ಒಂದು ರೌಂಡ್‌ಗೆ ನಾಲ್ಕರಿಂದ ನಾಲ್ಕೂವರೆ ಗಂಟೆ ಹಿಡಿಯುತ್ತದೆ. ಬಿಸಿಲಲ್ಲಿ ಎರಡನೇ ರೌಂಡ್ ಆಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಅದೂ ದಿನಾ. ಜೊತೆಗೆ ಎರಡನೇ ರೌಂಡ್ ಜಾಗ ಖಾಲಿ ಇದ್ದರೆ ಮಾತ್ರ, ಬಗ್ಗಿಗೆ (ಕೋರ್ಸ್‌ನಲ್ಲಿ ಓಡಾಡುವ ಪುಟ್ಟ ಗಾಡಿ) ಬೇರೆ ದುಡ್ಡು, ಇಂಥ ಷರತ್ತುಗಳು ಇರುತ್ತವೆ.

ಹುಲ್ಲುಹಾಸು:
ಎದುರುಗಾಳಿಯವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಗ್ರೀನ್‌ಗಳಿಗೆ (ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗ) ಯಾವಾಗ ತೂತು ಹೊಡೆಯುತ್ತಾರೆ ಅಂತ ಕೋರ್ಸ್‌ಗೇ ಫೋನ್ ಮಾಡಿ ಕೇಳಿ. ಬೇರಿಗೆ ಗಾಳಿಯಾಡಲಿ ಅಂತ ವರ್ಷಕ್ಕೆ ಒಂದೆರಡು ಸಲ ಈ ಕೆಲಸ ಮಾಡುತ್ತಾರೆ, ಅದಾದ ಮೇಲೆ ಒಂದೆರಡು ವಾರ ಚೆಂಡು ಗ್ರೀನ್ ಮೇಲೆ ಕುಣಿದುಕೊಂಡು ಹೋಗುತ್ತದೆ. ಚಳಿಗಾಲ ಇರುವ ಕಡೆ ಬರ್ಮುಡಾ ಹುಲ್ಲು ಬಣ್ಣಗೆಡುತ್ತದೆ, ಅದಕ್ಕೆ ಅದರ ಮೇಲೆ ರೈ ಹುಲ್ಲಿನ ಬೀಜ ಬಿತ್ತುತ್ತಾರೆ, ಆ ದಿನಗಳಲ್ಲಿ ಬಗ್ಗಿಯನ್ನು ದಾರಿ ಬಿಟ್ಟು ಇಳಿಸಲು ಬಿಡದೇ ಇರಬಹುದು. ಏಜೆಂಟರು ಇದನ್ನು ತಾವಾಗಿ ಹೇಳುವುದು ಕಡಿಮೆ. ದರ ಏಕಾಏಕಿ ಇಳಿದ ವಾರ ಕಂಡರೆ ಮೊದಲು ಇದನ್ನೇ ವಿಚಾರಿಸಿ.

ಮಳೆಯ ವಿಷಯವೂ ಅಷ್ಟೇ. ಮಳೆಗೆ ಆಟ ನಿಂತರೆ ಉಳಿದ ಹೋಲ್‌ಗಳ ಲೆಕ್ಕ ವಾಪಸ್ ಸಿಗುತ್ತದಾ, ಇನ್ನೊಂದು ದಿನ ಆಡಲು ಬಿಡುತ್ತಾರಾ? ಅಟ್ಲಾಂಟಿಕ್ ಕಡೆ ಹೋಗುವುದಾದರೆ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಆ ತಿಂಗಳುಗಳಲ್ಲಿ ದಿನ ಬದಲಿಸಲು ಬಿಡದ ಪ್ಯಾಕೇಜ್ ಎಷ್ಟು ಅಗ್ಗವಾದರೂ ನಾನಂತೂ ಮುಟ್ಟುವುದಿಲ್ಲ.

ಅಲೆಯಂಚು:
ನಾನು ಆಡುವುದಿಲ್ಲ, ಯಜಮಾನರು ಆಡುತ್ತಾರೆ, ಹಾಗಾಗಿ ನಿಮ್ಮ ಹೆಂಡತಿಯ ಪರವಾಗಿ ಎರಡು ಮಾತು. ಆಡದವರಿಗೆ ಬೇರೆ ದರ ಇದೆಯಾ ಕೇಳಿ, ಕೇಳದೇ ಹೋದರೆ ಅವರ ಹೆಸರಿಗೂ ರೌಂಡ್‌ನ ದುಡ್ಡು ಸೇರಿಬಿಡಬಹುದು. ಆಮೇಲೆ ಭೂಪಟ ತೆಗೆದು ನೋಡಿ. ಫೋಟೋದಲ್ಲಿ ಸಮುದ್ರ ಇದ್ದ ಮಾತ್ರಕ್ಕೆ ಹೋಟೆಲ್ ತೀರದಲ್ಲೇ ಇದೆ ಅಂತ ಅಲ್ಲ. ಕೆಲವು ಗಾಲ್ಫ್ ರೆಸಾರ್ಟ್‌ಗಳು ಊರಿಂದ ಎಷ್ಟು ದೂರ ಇರುತ್ತವೆ ಅಂದರೆ ಕಾರಿಲ್ಲದೆ ಹೊರಗೆ ಕಾಲಿಡಲು ಆಗುವುದಿಲ್ಲ, ಆ ಕಾರನ್ನು ಆಡುವವರು ತೆಗೆದುಕೊಂಡು ಹೋಗಿರುತ್ತಾರೆ. ನಡೆದು ಹೋಗುವಷ್ಟು ಹತ್ತಿರ ಮರಳು, ಅಂಗಡಿ, ಊಟ ಇರುವ ಹೋಟೆಲ್ ಹಿಡಿಯಿರಿ, ಕೋರ್ಸ್‌ಗೆ ನೀವಿಬ್ಬರು ಸ್ವಲ್ಪ ದೂರ ಹೋದರೂ ಪರವಾಗಿಲ್ಲ. ಬೆಳಗ್ಗೆ ಬೇಗ ಆಡಿದರೆ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಟ್ಟಿಗೆ ಇರಬಹುದು. ಒಂದು ದಿನವಾದರೂ ಗಾಲ್ಫ್ ಇಲ್ಲದ ದಿನ ಇಟ್ಟುಕೊಳ್ಳಿ.

ಹೊಸಬ್ಯಾಗ್:
ತುಂಬಾ ಥ್ಯಾಂಕ್ಸ್ ಮೇಡಂ, ಭೂಪಟ ನೋಡುವುದು ಹೊಳೆದೇ ಇರಲಿಲ್ಲ. ತಮ್ಮನಿಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಆಸೆ. ನನ್ನಂಥವನು ಅಲ್ಲಿ ಆಡಬಹುದಾ?

ಎದುರುಗಾಳಿ:
ಅಲ್ಲಿನ ಹೆಸರಾಂತ ಓಲ್ಡ್ ಕೋರ್ಸ್‌ಗೆ ಹ್ಯಾಂಡಿಕ್ಯಾಪ್ ಪತ್ರ (ನಿಮ್ಮ ಆಟದ ಮಟ್ಟವನ್ನು ಅಂಕಿಯಲ್ಲಿ ತೋರಿಸುವ ದಾಖಲೆ) ಬೇಕು, ನಿಮ್ಮ ಹತ್ತಿರ ಇಲ್ಲದಿದ್ದರೆ ಈಗಲೇ ಕ್ಲಬ್‌ನಲ್ಲಿ ಸ್ಕೋರ್ ಕೊಡಲು ಶುರು ಮಾಡಿ. ಅಲ್ಲಿ ಮುಂಗಡ ಟೀ ಟೈಮ್ ಸಿಗದವರು ಆಟದ ಎರಡು ದಿನ ಮೊದಲು ನಡೆಯುವ ಚೀಟಿ ಎತ್ತುವಿಕೆಗೆ ಹೆಸರು ಕೊಡಬಹುದು, ಭಾನುವಾರ ಸಾಮಾನ್ಯವಾಗಿ ಆಟ ಇರುವುದಿಲ್ಲ. ಇನ್ನೊಂದು ಮುಖ್ಯ ವಿಷಯ, ಆ ಊರಲ್ಲಿ ಸಾರ್ವಜನಿಕರು ಆಡಬಹುದಾದ ಕೋರ್ಸ್‌ಗಳೇ 7 ಇವೆ. ಪ್ಯಾಕೇಜ್‌ನಲ್ಲಿ ಬರೀ 'ಸೇಂಟ್ ಆಂಡ್ರ್ಯೂಸ್' ಅಂತ ಇದ್ದರೆ ಅದು ಓಲ್ಡ್ ಕೋರ್ಸ್ ಅಂತ ಅಂದುಕೊಳ್ಳಬೇಡಿ, ಹೆಸರು ಹಿಡಿದು ಕೇಳಿ. ನ್ಯೂ, ಜುಬಿಲಿ, ಈಡನ್ ಕೂಡ ಅಪ್ಪಟ ಲಿಂಕ್ಸ್‌ಗಳೇ (ಕಡಲತೀರದ ಮರಳು ನೆಲದ ಕೋರ್ಸ್‌ಗಳು). ನೆಲ ಗಟ್ಟಿ, ಮರಗಳು ಕಡಿಮೆ, ಚೆಂಡನ್ನು ಎತ್ತರಕ್ಕೆ ಹೊಡೆಯುವುದಕ್ಕಿಂತ ತಗ್ಗಿನಲ್ಲಿ ಉರುಳಿಸುವುದು ಕಲಿತರೆ ಖುಷಿಯಾಗುತ್ತದೆ. ನೀವು ಮುಂದಿನ ಟೀಯಿಂದ (ಹೋಲ್‌ಗೆ ಹತ್ತಿರವಿರುವ, ಆಟ ಶುರು ಮಾಡುವ ಜಾಗ) ಆಡಿ, ತಮ್ಮ ಹಿಂದಿನಿಂದ ಆಡಲಿ, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಹುಲ್ಲುಹಾಸು:
ಬುಕ್ ಮಾಡುವ ಮೊದಲು ವಿಮಾನದವರ ಹತ್ತಿರ ಗಾಲ್ಫ್ ಬ್ಯಾಗ್‌ನ ನಿಯಮ ಕೇಳಿ, ಒಬ್ಬೊಬ್ಬರದು ಒಂದೊಂದು ಥರ. ನೀವು ಕಲಿಯುತ್ತಿದ್ದೀರಿ ಅಂದರೆ ಅಲ್ಲೇ ಸೆಟ್ ಬಾಡಿಗೆಗೆ ತೆಗೆದುಕೊಳ್ಳುವುದು ಸುಲಭ, ಶೂ ಮತ್ತು ಗ್ಲೌಸ್ ಮಾತ್ರ ನಿಮ್ಮದೇ ಒಯ್ಯಿರಿ. ತಮ್ಮನ ರೇಂಜ್‌ಫೈಂಡರ್‌ಗೆ (ದೂರ ಅಳೆಯುವ ಸಾಧನ) ಬಿಡಿ ಲಿಥಿಯಂ ಬ್ಯಾಟರಿ ಇದ್ದರೆ ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.