ದೊಡ್ಡಪ್ಪ ಹಾಕಿದ ಜಪಾನ್ ಫೋಟೋ

ಮೊನ್ನೆ ರಾತ್ರಿಯ ಗಾಳಿಮಳೆಗೆ ಅಕ್ಕಲಕೋಟೆಯಲ್ಲಿ ಲೈಟ್ ಹೋಯಿತು. ಬೆಳಗಾದರೂ ಬರಲಿಲ್ಲ. ಏಳು ಗಂಟೆಗೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಸೊಲ್ಲಾಪುರದ ದೊಡ್ಡಪ್ಪ ಒಂದು ಫೋಟೋ ಹಾಕಿದರು. ರಾತ್ರಿಯ ಟೋಕಿಯೋ, ನಡುವೆ ಕೆಂಪಗೆ ಹೊಳೆಯುವ ಟವರ್. ಕೆಳಗೆ ಹೀಗೆ ಬರೆದಿತ್ತು:

"ಜಪಾನಿನಲ್ಲಿ ದೊಡ್ಡ ಭೂಕಂಪ ಆದ ಹತ್ತೇ ನಿಮಿಷಕ್ಕೆ ಇಡೀ ದೇಶಕ್ಕೆ ಲೈಟ್! ನಮ್ಮಲ್ಲಿ ನಾಲ್ಕು ಹನಿ ಬಿದ್ದರೆ ನಾಲ್ಕು ದಿನ ಕತ್ತಲು. ಕೆಲಸಗಳ್ಳರ ಕಣ್ಣು ತೆರೆಯುವ ತನಕ ಎಲ್ಲರಿಗೂ ಕಳಿಸಿ."

ನೋಡನೋಡುತ್ತ ಒಂಬತ್ತು ಜನ ಹೆಬ್ಬೆರಳು ಒತ್ತಿದರು. ಆ "ಕೆಲಸಗಳ್ಳರು" ಅನ್ನುವ ಮಾತು ಯಾರಿಗೆ ತಗಲುತ್ತದೆ ಅಂತ ಒಬ್ಬರೂ ಯೋಚಿಸಲಿಲ್ಲ. ನನ್ನ ಅಪ್ಪ 31 ವರ್ಷ ವಾಯರ್‌ಮನ್ ಆಗಿದ್ದವರು. ಅವರೂ ಅದೇ ಗುಂಪಿನಲ್ಲಿದ್ದಾರೆ. ಒಂದು ಅಕ್ಷರ ಬರೆಯುವುದಿಲ್ಲ, ಆದರೆ ಎಲ್ಲವನ್ನೂ ಓದುತ್ತಾರೆ.

ಮೊದಲು ಮಾತು ತೆಗೆದವನು ಪುಣೆಯ ತಮ್ಮ. ನಮ್ಮ ಮನೆಯಲ್ಲಿ ಪುರಾವೆ ಕೇಳುವವನು ಯಾವಾಗಲೂ ಅವನೇ.

ತಮ್ಮ: ದೊಡ್ಡಪ್ಪ, ಇದು ಯಾವ ಭೂಕಂಪ? ಯಾವ ವರ್ಷದ್ದು?

ದೊಡ್ಡಪ್ಪ: ನಮ್ಮ ವಾಕಿಂಗ್ ಗೆಳೆಯರ ಗುಂಪಿನಲ್ಲಿ ಬಂತು. ಕಳಿಸಿದವರು ರಿಟೈರ್ಡ್ ಹೆಡ್‌ಮಾಸ್ತರ್. ಸುಳ್ಳು ಹೇಳುವ ಮನುಷ್ಯ ಅಲ್ಲ.

ತಮ್ಮ: ಮಾಸ್ತರ ಬಗ್ಗೆ ನಾನು ಕೇಳಲಿಲ್ಲ. 2011ರ ಮಾರ್ಚ್ 11ರ ಭೂಕಂಪದಲ್ಲಿ ಜಪಾನಿನ ಈಶಾನ್ಯ ಭಾಗದಲ್ಲೇ ನಲವತ್ತು ಲಕ್ಷಕ್ಕೂ ಜಾಸ್ತಿ ಮನೆಗಳಲ್ಲಿ ಲೈಟ್ ಹೋಗಿತ್ತು. ಮೂರು ದಿನಕ್ಕೆ ಸುಮಾರು ನೂರಕ್ಕೆ 80ರಷ್ಟು ವಾಪಸ್ ಬಂತು. ಫೋಟೋದಲ್ಲಿ ಇದೆಯಲ್ಲ ಟೋಕಿಯೋ, ಅದರ ಸುತ್ತಮುತ್ತ ಎರಡು ವಾರ ಪಾಳಿ ಹಾಕಿ ಲೈಟ್ ತೆಗೆದರು. ನಮ್ಮ ಲೋಡ್ ಶೆಡ್ಡಿಂಗ್ ಇದ್ದ ಹಾಗೆ.

ದೊಡ್ಡಪ್ಪ: ಮೂರು ದಿನ ಅಂದರೆ ಕಡಿಮೆಯಾಯಿತೇನಪ್ಪ? ಶಿಸ್ತು ಬೇಕು. ಅಲ್ಲಿ ಮಕ್ಕಳು ತಮ್ಮ ಶಾಲೆ ತಾವೇ ಗುಡಿಸುತ್ತಾರೆ. 1967ರಲ್ಲಿ ಕೊಯ್ನಾ ಭೂಕಂಪ ಆದಾಗ ನಾನು ಆರನೇ ಇಯತ್ತೆ. ಅಲ್ಲಿನ ಪವರ್ ಹೌಸ್ ನಿಂತು ಮುಂಬಯಿಗೆ ಕರೆಂಟ್ ಇರಲಿಲ್ಲ. ಆಗಿನ ಜನ ಹಗಲೂ ರಾತ್ರಿ ದುಡಿದರು. ಈಗಿನವರಿಗೆ ಫೋನ್ ಎತ್ತುವುದಕ್ಕೂ ಆಗುವುದಿಲ್ಲ.

ಅಷ್ಟರಲ್ಲಿ ದುಧನಿಯ ಅಣ್ಣ ಬಂದ. ಅವನಿಗೆ ಭೂಕಂಪ ಅಂದರೆ ಲಾತೂರ ಜಿಲ್ಲೆಯ ಕಿಲ್ಲಾರಿ ಒಂದೇ.

ಅಣ್ಣ: 1993 ನೆನಪಿದೆಯಾ ಎಲ್ಲರಿಗೂ? ಗಣಪತಿ ಕಳಿಸಿ ಬಂದು ಮಲಗಿದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ಅಡುಗೆಮನೆಯ ಹಲಗೆಯ ಮೇಲಿಂದ ಪಾತ್ರೆಗಳೆಲ್ಲ ಧಡಧಡ ಬಿದ್ದವು. ಆಯಿ ದೆವ್ವ ಅಂತ ಕೂಗಿಕೊಂಡಳು. ಒಂದು ತಿಂಗಳು ಅಂಗಳದಲ್ಲೇ ಮಲಗಿದೆವು. ಲಾಟೀನು ಬೆಳಕಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಆ ರುಚಿ ಮತ್ತೆ ಸಿಗಲಿಲ್ಲ.

ಮೈಂದರ್ಗಿ ಅತ್ತೆ: ಆ ಪಾತ್ರೆಗಳಲ್ಲಿ ಆಯಿಯ ತಾಮ್ರದ ಹಂಡೆ ಇತ್ತು. ಆಮೇಲೆ ಅದು ಯಾರ ಮನೆ ಸೇರಿತು ಅಂತ ಇವತ್ತಿಗೂ ಯಾರೂ ಬಾಯಿ ಬಿಡಲಿಲ್ಲ.

ಮುಂದೆ ಇಪ್ಪತ್ತು ಮೆಸೇಜ್ ಹಂಡೆಯ ಬಗ್ಗೆಯೇ. ಅದು ಮುಗಿಯುತ್ತ ಬಂದಾಗ ದೊಡ್ಡಪ್ಪ ಬರೆದದ್ದು ಇದು: "ಆ ವರ್ಷ ದಸರೆಗೆ ತಂಗಿಯ ನಿಶ್ಚಯ ಇಟ್ಟಿದ್ದೆವು. ಅವಳ ಒಡಹುಟ್ಟಿದ ಅಣ್ಣ, ನನ್ನ ವಾಯರ್‌ಮನ್ ತಮ್ಮ, ಬರಲಿಲ್ಲ. ಬನ್ನಿ ಕೊಡುವುದಕ್ಕೂ ಬರಲಿಲ್ಲ. ಕಿಲ್ಲಾರಿಯಲ್ಲಿ ಡ್ಯೂಟಿ ಅಂದ. ತಿಂಗಳುಗಟ್ಟಲೆ ಇದ್ದರೂ ಅಲ್ಲಿ ಕತ್ತಲೇ ಇತ್ತು ಅಂತ ನೋಡಿ ಬಂದವರು ಹೇಳಿದರು. ಹಾಗಾದರೆ ಏನು ಮಾಡಿದ?"

ಇದನ್ನು ಓದಿದಾಗ ಕೈ ನಡುಗಿತು. ಪಕ್ಕದ ಕೋಣೆಗೆ ಹೋದರೆ ಅಪ್ಪ ಕನ್ನಡಕ ಹಾಕಿಕೊಂಡು ಅದೇ ಮೆಸೇಜ್ ನೋಡುತ್ತ ಕೂತಿದ್ದರು. "ಬರೆಯಲಾ?" ಅಂದೆ. "ನಿನಗೆ ಗೊತ್ತಿದ್ದಷ್ಟು ಬರಿ" ಅಂದರು.

ಬರೆದೆ. ಉದ್ದವಾಯಿತು, ಆದರೆ ಬಿಡಲು ಮನಸ್ಸು ಬರಲಿಲ್ಲ.

"ದೊಡ್ಡಪ್ಪ, ನಿಮಗೆ ನೋವಾಗಿದ್ದು ನಿಜ. ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಅಪ್ಪ ಏನು ಮಾಡಿದರು ಅಂತ ಮಾತ್ರ ಹೇಳುತ್ತೇನೆ. ಕಿಲ್ಲಾರಿ ಭಾಗಕ್ಕೆ ಹೋದವರು ಮೊದಲು ಮಾಡಿದ್ದು ಲೈಟ್ ಹಾಕುವ ಕೆಲಸ ಅಲ್ಲ, ಲೈಟ್ ತೆಗೆಯುವ ಕೆಲಸ. ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಎಲ್ಲ ಒಂದೇ ದಿಬ್ಬವಾಗಿ ಬಿದ್ದಿತ್ತು. ಮೇಲಿಂದ ಮಳೆ ಬೇರೆ. ಆ ಹಸಿ ಮಣ್ಣಿನಲ್ಲಿ ಜನ ಬರಿಗೈಯಲ್ಲಿ, ಹಾರೆಯಲ್ಲಿ ತಮ್ಮವರನ್ನು ಹುಡುಕುತ್ತಿದ್ದರು. ಒಳಗೆ ಒಂದು ಜೀವಂತ ತಂತಿ ಇದ್ದರೆ ಹುಡುಕುವವನೂ ಹೋಗುತ್ತಾನೆ. ಅದಕ್ಕೇ ಡಿಪಿಯಲ್ಲಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರಿನಲ್ಲಿ, ಫ್ಯೂಜ್ ಕಿತ್ತು, ಕಂಬದಿಂದ ಕಂಬಕ್ಕೆ ನಡೆದು, ಪ್ರತಿ ಮನೆಗೆ ಹೋಗಿದ್ದ ವಾಯರನ್ನು ಪಕ್ಕಡಿನಿಂದ ಕತ್ತರಿಸಿದರು. ಆ ಪಕ್ಕಡು ಇವತ್ತಿಗೂ ನಮ್ಮ ಮನೆಯಲ್ಲಿದೆ. ಹಿಡಿಯ ರಬ್ಬರು ಹೆಬ್ಬೆರಳಿನ ಜಾಗದಲ್ಲಿ ಪೂರ್ತಿ ಸವೆದಿದೆ.

"ಆಮೇಲೆ ಗಾಯಾಳುಗಳ ಟೆಂಟು, ಆಮೇಲೆ ನೀರಿನ ಪಂಪು, ಕೊನೆಗೆ ಶೆಡ್ಡುಗಳು. ಮನೆಯೇ ಇಲ್ಲದ ಬೀದಿಗೆ ಲೈಟ್ ಯಾಕೆ ಕೊಡಬೇಕು ದೊಡ್ಡಪ್ಪ? ಅದಕ್ಕೇ ನೋಡಿದವರಿಗೆ ಕತ್ತಲು ಕಂಡಿದೆ.

"ಜನರೇಟರ್ ಬಂದಾಗ ಅಪ್ಪನಿಗೆ ಎಲ್ಲಕ್ಕಿಂತ ಜಾಸ್ತಿ ಭಯವಾಗಿತ್ತಂತೆ. ಯಾರಾದರೂ ಮೇನ್ ಬಂದ್ ಮಾಡದೆ ಜನರೇಟರ್ ಹಚ್ಚಿದರೆ ಕರೆಂಟ್ ಉಲ್ಟಾ ಹರಿದು ಡಿಪಿಗೆ ಬರುತ್ತದೆ. ಅಲ್ಲಿ 11,000 ವೋಲ್ಟ್ ಆಗಿ ಲೈನಿಗೆ ಏರುತ್ತದೆ. ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದವನು ಕೆಳಗೆ ಇಳಿಯುವುದಿಲ್ಲ."

ಗುಂಪು ಸುಮ್ಮನಾಯಿತು. ಮತ್ತೆ ತಮ್ಮನೇ ಬಂದ. ಈ ಸಲ ಅವನ ದನಿ ಬೇರೆ ಇತ್ತು.

ತಮ್ಮ: ಅಕ್ಕ ಹೇಳಿದ್ದು ಜಪಾನಿಗೂ ಸರಿ. 1995ರ ಜನವರಿ 17ರ ಕೋಬೆ ಭೂಕಂಪದಲ್ಲಿ ಒಂದು ವಾರಕ್ಕೆ ಲೈಟ್ ವಾಪಸ್ ಕೊಟ್ಟರು. ಆದರೆ ಕಾರಣ ಗೊತ್ತಾದ ಬೆಂಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕರೆಂಟಿನಿಂದಲೇ ಹೊತ್ತಿದವು. ಜನ ಮನೆ ಬಿಟ್ಟು ಓಡಿದ್ದರು. ಹೀಟರ್ ಹಾಸಿಗೆ ಮೇಲೆ ಬಿದ್ದಿರುತ್ತದೆ, ವಾಯರ್ ಹರಿದಿರುತ್ತದೆ. ಲೈಟ್ ಬಂದ ತಕ್ಷಣ ಉರಿಯುತ್ತದೆ. ಅದಕ್ಕೇ ಅಲ್ಲಿ ಭೂಕಂಪ ಆದರೆ ಮೇನ್ ಬಂದ್ ಮಾಡಿ ಹೊರಡಿ ಅಂತ ಹೇಳುತ್ತಾರೆ.

ದುಧನಿಯ ಅಣ್ಣ: ಪವರ್ ಸ್ಟೇಷನ್ನಿಗೆ ಏನೂ ಆಗದಿದ್ದರೆ ಬಟನ್ ಒತ್ತಿದರೆ ಸಾಕಲ್ವಾ?

ತಮ್ಮ: ಇಲ್ಲ ಅಣ್ಣ. 2018ರ ಸೆಪ್ಟೆಂಬರ್ 6ರಂದು ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಭೂಕಂಪ ಆಯಿತು. ದ್ವೀಪಕ್ಕೆ ಅರ್ಧದಷ್ಟು ಕರೆಂಟ್ ಕೊಡುತ್ತಿದ್ದ ಒಂದೇ ಸ್ಟೇಷನ್ ನಿಂತಿತು. ಅದರ ಹಿಂದೆ ಉಳಿದವೂ ನಿಂತವು. 18 ನಿಮಿಷದಲ್ಲಿ 29.5 ಲಕ್ಷ ಮನೆಗಳೂ ಕತ್ತಲು. ಸ್ಟೇಷನ್ ಶುರು ಮಾಡಲೂ ಕರೆಂಟ್ ಬೇಕು. ಬಾವಿಯ ಪಂಪು ನೀರು ಎತ್ತಬೇಕಾದರೆ ಮೊದಲು ನಾವೇ ಒಂದು ಕೊಡ ನೀರು ಹಾಕುತ್ತೇವಲ್ಲ, ಹಾಗೆ. ನೀರಿನ ಮೇಲೆ ನಡೆಯುವ ಸ್ಟೇಷನ್ ಮೊದಲು ಎಬ್ಬಿಸಿ, ಅದರಿಂದ ಉಳಿದವನ್ನು ಎಬ್ಬಿಸಿದರು. ಬಹುಪಾಲು ಮನೆಗೆ ಲೈಟ್ ಬರಲು ಎರಡು ದಿನ ಹತ್ತಿತು. ಒಮ್ಮೆಲೇ ಎಲ್ಲ ಮನೆ ಜೋಡಿಸಿದ್ದರೆ ಮತ್ತೆ ಬೀಳುತ್ತಿತ್ತು.

ಇದನ್ನು ಎಷ್ಟು ಜನ ಓದಿದರೋ ಗೊತ್ತಿಲ್ಲ. ಅತ್ತೆ ಮಾತ್ರ ನಿಶ್ಚಯದ ಮಾತು ಬಿಟ್ಟಿರಲಿಲ್ಲ.

ಅತ್ತೆ: ಸೊಲ್ಲಾಪುರದ ಅಣ್ಣಾ, ನನ್ನ ನಿಶ್ಚಯಕ್ಕೆ ಬಾರದಿದ್ದವರ ಮೇಲೆ ನನಗಿಲ್ಲದ ಸಿಟ್ಟು ನಿನಗ್ಯಾಕೆ? ದೀಪಾವಳಿಗೆ ಅವನು ಬಂದಾಗ ಒಣಗಿದ ಬನ್ನಿ ಎಲೆ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ. ನನ್ನ ಕೈಗೆ ಕೊಟ್ಟ. ನಿನಗೂ ತಂದಿದ್ದ. ನೀನು ಮಾತಾಡಿಸಲಿಲ್ಲ.

ಈ ಮಾತು ನನಗೂ ಹೊಸದು. ಅಪ್ಪನ ಮುಖ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಬೀದಿಯ ತುದಿಯಲ್ಲಿ ಇಬ್ಬರು ಹುಡುಗರು ಕಂಬಕ್ಕೆ ಏಣಿ ಹಚ್ಚುತ್ತಿದ್ದರು. ಮೇಲೆ ಹತ್ತಿದವನು ತಂತಿ ಮುಟ್ಟುವ ಮೊದಲು ಕೆಳಗಿನವನಿಗೆ ಏನೋ ಕೂಗಿ ಕೇಳಿದ, ಉತ್ತರ ಬರುವ ತನಕ ಕೈ ಎತ್ತಲಿಲ್ಲ. "ಸರಿಯಾಗಿ ಕಲಿಸಿದ್ದಾರೆ" ಅಂದರು ಅಪ್ಪ.

ದೊಡ್ಡಪ್ಪ ಮಧ್ಯಾಹ್ನದ ತನಕ ಏನೂ ಬರೆಯಲಿಲ್ಲ. ಎರಡು ಗಂಟೆಗೆ ಆ ಫೋಟೋ ಇದ್ದ ಜಾಗದಲ್ಲಿ "ಈ ಸಂದೇಶ ಅಳಿಸಲಾಗಿದೆ" ಅಂತ ಬಂತು. ಲೈಟ್ ಅದಕ್ಕೂ ಮೊದಲೇ ಬಂದಿತ್ತು.

ಸಂಜೆ ಅತ್ತೆ ನನ್ನನ್ನು ಕೇಳಿದರು: "ತಂಗೀ, ನಮ್ಮ ಮನೆ ಮೇನ್ ಸ್ವಿಚ್ಚಿನ ಮುಂದೆ ಜೋಳದ ಚೀಲ ಒಟ್ಟಿದ್ದೇವೆ. ಕೈ ಎಟುಕುವುದಿಲ್ಲ. ತೆಗೆಸಬೇಕಾ?"

ಉತ್ತರ ಬರೆಯಲು ಹೊರಟಿದ್ದೆ. ಅಷ್ಟರಲ್ಲಿ ಗುಂಪಿನಲ್ಲಿ ಮೊದಲ ಸಲ ಅಪ್ಪನ ಹೆಸರಿನಿಂದ ಎರಡು ಸಾಲು ಬಂತು: "ಇವತ್ತೇ ತೆಗೆಸು. ಅಣ್ಣನಿಗೂ ಅವನ ಮನೆಯ ಸ್ವಿಚ್ ಎಲ್ಲಿದೆ ನೋಡಿಕೊಳ್ಳಲು ಹೇಳು."